ಹಾಂಗ್‌ಕಾಂಗ್ ಬೆಟ್ಟಗಳಲ್ಲಿ ಒಂದು ಭಾನುವಾರ: ಮೊದಲ ಬಾರಿ ಹತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಹಾಂಗ್‌ಕಾಂಗಿನ ಅತಿ ಎತ್ತರದ ಬೆಟ್ಟ ತಾಯ್ ಮೊ ಷಾನ್. ಅದರ ಎತ್ತರ 957 ಮೀಟರ್. ನಮ್ಮ ನಂದಿ ಬೆಟ್ಟ 1,478 ಮೀಟರ್, ಕುಮಾರ ಪರ್ವತ 1,712 ಮೀಟರ್. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಇಷ್ಟೇನಾ?’ ಎಂದು ಹೊರಟ ನಮ್ಮ ಕಡೆಯವರು ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಿನ ಮೇಲೆ ಕುಳಿತು, ಬಾಟಲಿಯಲ್ಲಿ ಎಷ್ಟು ನೀರು ಉಳಿದಿದೆ ಎಂದು ಅಲುಗಾಡಿಸಿ ನೋಡುವುದು ಇಲ್ಲಿ ಹೊಸದೇನಲ್ಲ. ನಂದಿಯ ಬುಡವೇ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಬಹುತೇಕ ಹಾದಿಗಳು ಕಡಲ ದಂಡೆಯಿಂದ ಅಥವಾ ಅದಕ್ಕಿಂತ ತುಸು ಮೇಲಿನಿಂದ ಶುರುವಾಗುತ್ತವೆ. ಗಾಳಿಯಲ್ಲಿ ಮಂಗಳೂರಿನ ಸೆಕೆ, ಕಾಲಡಿಯಲ್ಲಿ ಮುಗಿಯದ ಕಲ್ಲು-ಕಾಂಕ್ರೀಟಿನ ಮೆಟ್ಟಿಲು. ಆದ್ದರಿಂದ ಎತ್ತರದ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಇಲ್ಲಿ ನಿಮ್ಮ ದಿನವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಸೆಕೆ, ಮೆಟ್ಟಿಲು, ಮತ್ತು ಎಲ್ಲಿ ಇಳಿದರೆ ಬಸ್ ಸಿಗುತ್ತದೆ ಎಂಬುದು.

ಇಷ್ಟನ್ನು ಒಪ್ಪಿಕೊಂಡರೆ, ವಾರಾಂತ್ಯದ ಚಾರಣಕ್ಕೆ ಇಷ್ಟು ಅನುಕೂಲವಾದ ಮಹಾನಗರ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಗಗನಚುಂಬಿಗಳ ಊರು ಎಂದೇ ನಾವು ಕೇಳಿರುವ ಹಾಂಗ್‌ಕಾಂಗಿನ ನೆಲದಲ್ಲಿ ಸುಮಾರು ಶೇಕಡ 40ರಷ್ಟು ಸಂರಕ್ಷಿತ ಪ್ರದೇಶ. 1976ರಲ್ಲಿ ಬಂದ ಕಾನೂನಿನಡಿ ‘ಕಂಟ್ರಿ ಪಾರ್ಕ್’ಗಳು ರೂಪುಗೊಂಡವು. ಅವುಗಳೊಳಗೆ ನಾಲ್ಕು ದೀರ್ಘ ಹಾದಿಗಳಿವೆ: 100 ಕಿಲೋಮೀಟರಿನ ಮ್ಯಾಕ್‌ಲಿಹೋಸ್ ಟ್ರೇಲ್, 78 ಕಿಲೋಮೀಟರಿನ ವಿಲ್ಸನ್ ಟ್ರೇಲ್, 70 ಕಿಲೋಮೀಟರಿನ ಲಾಂಟಾವ್ ಟ್ರೇಲ್, 50 ಕಿಲೋಮೀಟರಿನ ಹಾಂಗ್‌ಕಾಂಗ್ ಟ್ರೇಲ್. ಪ್ರತಿಯೊಂದನ್ನೂ ಒಂದು ದಿನಕ್ಕೆ ಹೊಂದುವ ತುಂಡುಗಳಾಗಿ ಭಾಗ ಮಾಡಲಾಗಿದೆ. ಪಶ್ಚಿಮ ಘಟ್ಟದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ, ಆನ್‌ಲೈನ್ ಬುಕಿಂಗ್ ಎಂದು ಅಭ್ಯಾಸವಾದವರಿಗೆ ಇಲ್ಲಿ ಪ್ರವೇಶ ಶುಲ್ಕವಾಗಲಿ ಪರವಾನಗಿಯಾಗಲಿ ಇಲ್ಲದಿರುವುದು ಮೊದಮೊದಲು ಅನುಮಾನವನ್ನೇ ಹುಟ್ಟಿಸುತ್ತದೆ. ಮೆಟ್ರೊ ಇಳಿಯಿರಿ, ಬಸ್ ಹತ್ತಿರಿ, ನಡೆಯಿರಿ, ಅಷ್ಟೆ.

ಹಂತ 1: ತಿಂಗಳು ನೋಡಿ ಬೆಟ್ಟ ಆರಿಸಿ

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಇಲ್ಲಿನ ಚಾರಣದ ಕಾಲ. ಅದರಲ್ಲೂ ನವೆಂಬರ್, ಡಿಸೆಂಬರ್ ತಿಂಗಳುಗಳು ಸೊಗಸು: ಒಣ ಗಾಳಿ, ತಿಳಿ ಆಕಾಶ, ದೂರದ ದ್ವೀಪಗಳೂ ಕಾಣುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆ ಅಷ್ಟಿಲ್ಲದಿದ್ದರೂ ಮಂಜು ಮುಸುಕಿ, ತುದಿಗೆ ಹೋದರೂ ನಿಮ್ಮ ಬೂಟಿನಾಚೆ ಏನೂ ಕಾಣದ ದಿನಗಳು ಹೆಚ್ಚು. ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆ, ಚಂಡಮಾರುತ, ಮತ್ತು ಇವೆರಡಕ್ಕಿಂತ ಕೆಟ್ಟದಾದ ಸೆಕೆ. ಈ ಅವಧಿಯಲ್ಲಿ ನೆರಳಿಲ್ಲದ ಏರುಹಾದಿಗಳನ್ನು ಹೊಸಬರು ಮುಟ್ಟಲೇಬಾರದು. ಹೋಗಲೇಬೇಕೆಂದರೆ ಕೆರೆಗಳ ಸುತ್ತಲಿನ ಕಾಡುದಾರಿ ಆರಿಸಿಕೊಂಡು ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಚಳಿಗಾಲದ ತೊಡಕು ಬೇರೆ. ಡಿಸೆಂಬರ್‌ನಲ್ಲಿ ಸಂಜೆ ಐದೂ ಮುಕ್ಕಾಲಿನ ಹೊತ್ತಿಗೆ ಸೂರ್ಯ ಮುಳುಗಿಯೇ ಬಿಟ್ಟಿರುತ್ತಾನೆ. ಮಧ್ಯಾಹ್ನದ ಊಟ ಮುಗಿಸಿ ಹೊರಟವರು ಕತ್ತಲಲ್ಲಿ ಇಳಿಯುತ್ತಾರೆ. ಚಳಿ ಎಂದರೆ ಚಳಿಯೂ ಇದೆ. 2016ರ ಜನವರಿ 24ರಂದು ನಗರದಲ್ಲೇ ಉಷ್ಣಾಂಶ 3.1 ಡಿಗ್ರಿಗೆ ಇಳಿದಿತ್ತು. ತಾಯ್ ಮೊ ಷಾನ್ ತುದಿಯಲ್ಲಿ ಮಂಜುಗಡ್ಡೆ ಕಟ್ಟಿದ್ದನ್ನು ನೋಡಲು ನುಗ್ಗಿದ ಜನರನ್ನು ಜಾರುವ ರಸ್ತೆಯಿಂದ ಕೆಳಗಿಳಿಸಲು ಅಗ್ನಿಶಾಮಕ ದಳದವರು ಪರದಾಡಿದರು.

ಇನ್ನೊಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಳ್ಳಿ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಚುಂಗ್ ಯೆಂಗ್ ಹಬ್ಬ. ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ಅಂದು ಬೆಟ್ಟ ಹತ್ತುವುದು, ಹಿರಿಯರ ಸಮಾಧಿಗೆ ಹೋಗಿ ಪೂಜೆ ಸಲ್ಲಿಸುವುದು ಪದ್ಧತಿ. ಊರಿಗೆ ಊರೇ ಬೆಟ್ಟದಲ್ಲಿರುತ್ತದೆ. ನೋಡಲು ಚೆನ್ನ, ಬಸ್ ಹತ್ತಲು ಕಷ್ಟ.

ಹಂತ 2: ಹಿಂದಿನ ರಾತ್ರಿ ಮತ್ತು ಅಂದು ಬೆಳಿಗ್ಗೆ ಹವಾಮಾನ ನೋಡಿ

ಹಾಂಗ್‌ಕಾಂಗ್ ವೀಕ್ಷಣಾಲಯದ ‘ಮೈ ಅಬ್ಸರ್ವೇಟರಿ’ ಆ್ಯಪ್ ಮೊಬೈಲಿನಲ್ಲಿ ಇರಲೇಬೇಕು. ಅದರಲ್ಲಿ ನೀವು ಓದಬೇಕಾದದ್ದು ಉಷ್ಣಾಂಶಕ್ಕಿಂತ ಎಚ್ಚರಿಕೆಗಳನ್ನು. ಮಳೆಯ ಎಚ್ಚರಿಕೆಗೆ ಮೂರು ಬಣ್ಣ: ಗಂಟೆಗೆ 30 ಮಿಲಿಮೀಟರ್ ದಾಟಿದರೆ ಹಳದಿ, 50 ದಾಟಿದರೆ ಕೆಂಪು, 70 ದಾಟಿದರೆ ಕಪ್ಪು. ಹಳದಿ ಬಂದರೂ ಹೊರಡಬೇಡಿ. ಆಗುಂಬೆಯ ಮಳೆ ಕಂಡವರಿಗೆ 30 ಮಿಲಿಮೀಟರ್ ಲೆಕ್ಕಕ್ಕಿಲ್ಲ ಎನ್ನಿಸಬಹುದು, ಆದರೆ ಇಲ್ಲಿನ ತೊರೆಗಳು ಗಿಡ್ಡ ಮತ್ತು ಕಡಿದು. ಮೇಲೆ ಸುರಿದ ನೀರು ನಿಮಿಷಗಳಲ್ಲಿ ಕೆಳಗಿನ ದಾರಿಗೆ ಬಂದುಬಿಡುತ್ತದೆ. ಚಂಡಮಾರುತದ ಸಂಕೇತಗಳು 1, 3, 8, 9, 10 ಎಂದು ಏರುತ್ತವೆ. 8 ಎಂದರೆ ನಗರವೇ ಬಾಗಿಲು ಹಾಕುತ್ತದೆ, 3ಕ್ಕೇ ಏಣಿನ ಮೇಲೆ ನಿಲ್ಲಲಾಗದಂತಹ ಗಾಳಿ ಬೀಸಬಹುದು. ‘ಅತಿ ಸೆಕೆ’ಯ ಎಚ್ಚರಿಕೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಕುಸಿದು ಬೀಳುವವರಲ್ಲಿ ಅನೇಕರು ದಾರಿ ತಪ್ಪಿದವರಲ್ಲ, ಬಿಸಿಲಿಗೆ ಸಿಕ್ಕಿದವರು. ಚಳಿಗಾಲದ ಒಣ ದಿನಗಳಲ್ಲಿ ಕೆಂಪು ಬಣ್ಣದ ಬೆಂಕಿ ಎಚ್ಚರಿಕೆ ಇರುತ್ತದೆ. ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೂ ಒಲೆ ಹಚ್ಚುವಂತಿಲ್ಲ.

ಹಂತ 3: ಇಳಿಯುವ ಕಡೆಯಿಂದ ಯೋಜನೆ ಮಾಡಿ

ಹತ್ತುವ ಕಡೆ ಹೇಗೆ ಹೋಗುವುದೆಂದು ಎಲ್ಲರೂ ನೋಡುತ್ತಾರೆ. ತೊಂದರೆ ಬರುವುದು ಇನ್ನೊಂದು ತುದಿಯಲ್ಲಿ. ಆದ್ದರಿಂದ ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಮೂರು ವಿಷಯ: ಇಳಿಯುವ ಜಾಗದ ಬಸ್ ಸಂಖ್ಯೆ, ಅದರ ಕೊನೆಯ ಹೊತ್ತು, ನಡುದಾರಿಯಲ್ಲಿ ಬಿಟ್ಟು ಬರಲು ಇರುವ ಅಡ್ಡದಾರಿ. ಫಲಕಗಳಲ್ಲಿ ಕೊಟ್ಟಿರುವ ಸಮಯ ನಿಲ್ಲದೆ ನಡೆಯುವವರದ್ದು. ಫೋಟೊ, ಊಟ, ಹರಟೆ ಸೇರಿದರೆ ಅರ್ಧದಷ್ಟು ಸಮಯ ಕೂಡಿಸಿಕೊಳ್ಳಿ. ಮಕ್ಕಳಿದ್ದರೆ ಇನ್ನೂ ಹೆಚ್ಚು.

ಬಸ್, ಮೆಟ್ರೊ, ದೋಣಿ ಎಲ್ಲಕ್ಕೂ ಆಕ್ಟೋಪಸ್ ಎಂಬ, ಮೊದಲೇ ಹಣ ತುಂಬಿಟ್ಟುಕೊಳ್ಳುವ ಕಾರ್ಡ್ ನಡೆಯುತ್ತದೆ. ಹಳ್ಳಿಯ ಅಂಗಡಿಗೆ, ಸಣ್ಣ ದೋಣಿಗೆ ನೋಟು ಬೇಕಾಗಬಹುದು. ಟ್ಯಾಕ್ಸಿಗಳಲ್ಲೂ ಬಣ್ಣವಿದೆ: ಕೆಂಪು ನಗರದ್ದು, ಹಸಿರು ನ್ಯೂ ಟೆರಿಟರೀಸ್ ಪ್ರದೇಶದ್ದು, ನೀಲಿ ಲಾಂಟಾವ್ ದ್ವೀಪದ್ದು. ಭಾನುವಾರ ಸಂಜೆ ಬೆಟ್ಟದ ಬುಡದಲ್ಲಿ ನೀಲಿ ಟ್ಯಾಕ್ಸಿ ಸಿಕ್ಕೀತೆಂದು ನಂಬಿ ಹೋಗಬೇಡಿ. ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು, ಇದು ಕಾನೂನು.

ಹಂತ 4: ಈ ಕ್ರಮದಲ್ಲಿ ಹತ್ತಿ

ಅಂತರ್ಜಾಲದಲ್ಲಿ ‘ಅತ್ಯುತ್ತಮ ಹತ್ತು ಹಾದಿ’ಗಳ ಪಟ್ಟಿಗಳು ಹೇರಳವಾಗಿವೆ. ಅವು ಸುಲಭದಿಂದ ಕಷ್ಟಕ್ಕೆ ಹೋಗುವ ಕ್ರಮವನ್ನು ಹೇಳುವುದಿಲ್ಲ. ನಾನು ಹೊಸಬರಿಗೆ ಹೇಳುವ ಕ್ರಮ ಇದು.

ಊರಿನಿಂದ ಅಪ್ಪ-ಅಮ್ಮ ಬಂದಿದ್ದರೆ ಅಥವಾ ಕೈಹಿಡಿದು ನಡೆಸಬೇಕಾದ ಮಗುವಿದ್ದರೆ ಎರಡೇ ಆಯ್ಕೆ. ಒಂದು, ವಿಕ್ಟೋರಿಯಾ ಪೀಕ್ ಸುತ್ತಿನ ಲುಗಾರ್ಡ್ ರಸ್ತೆ–ಹಾರ್ಲೆಕ್ ರಸ್ತೆಯ ಸುತ್ತು: ಸುಮಾರು ಮೂರೂವರೆ ಕಿಲೋಮೀಟರ್, ಬಹುತೇಕ ಸಮತಟ್ಟು, ಕೆಳಗೆ ಇಡೀ ಬಂದರು. ಇನ್ನೊಂದು, ಸೆಂಟ್ರಲ್‌ನ 4ನೇ ಧಕ್ಕೆಯಿಂದ ದೋಣಿಯಲ್ಲಿ ಲಾಮಾ ದ್ವೀಪಕ್ಕೆ ಹೋಗಿ, ಯುಂಗ್ ಷೂ ವಾನ್‌ನಿಂದ ಸೋಕ್ ಕ್ವೂ ವಾನ್‌ಗೆ ನಡೆದು, ಆ ಕಡೆಯ ದೋಣಿ ಹಿಡಿಯುವುದು.

ನಿಮ್ಮ ಮೊದಲ ನಿಜವಾದ ಬೆಟ್ಟ ಡ್ರಾಗನ್ಸ್ ಬ್ಯಾಕ್ ಆಗಲಿ. ಇದು ಹಾಂಗ್‌ಕಾಂಗ್ ಟ್ರೇಲಿನ ಎಂಟನೆಯ, ಅಂದರೆ ಕೊನೆಯ ಭಾಗ, 8.5 ಕಿಲೋಮೀಟರ್. ಮೆಟ್ರೊದಲ್ಲಿ ಷೌ ಕೀ ವಾನ್ ನಿಲ್ದಾಣಕ್ಕೆ ಬಂದು, ಎ3 ಬಾಗಿಲಿನಿಂದ ಹೊರಬಿದ್ದರೆ ಪಕ್ಕದಲ್ಲೇ ಬಸ್ ನಿಲ್ದಾಣ. 9ನೇ ಸಂಖ್ಯೆಯ ಬಸ್ ಹತ್ತಿ ತೊ ತೇಯ್ ವಾನ್ ನಿಲ್ದಾಣದಲ್ಲಿ ಇಳಿಯಿರಿ. ಬೆನ್ನಿಗೆ ಚೀಲ ಹಾಕಿದವರೆಲ್ಲ ಅಲ್ಲೇ ಇಳಿಯುವುದರಿಂದ ತಪ್ಪುವ ಭಯವಿಲ್ಲ. ಮೊದಲ ಇಪ್ಪತ್ತು ನಿಮಿಷ ಏರು. ಆಮೇಲೆ ನೀವು ಏಣಿನ ಮೇಲಿರುತ್ತೀರಿ: ಒಂದು ಬದಿಗೆ ಷೆಕ್ ಓ ಹಳ್ಳಿ ಮತ್ತು ತೆರೆದ ಕಡಲು, ಇನ್ನೊಂದು ಬದಿಗೆ ತಾಯ್ ತಾಮ್ ಕೊಲ್ಲಿ. ಷೆಕ್ ಓ ಪೀಕ್ 284 ಮೀಟರ್, ಅಲ್ಲಿಂದ ಮುಂದೆ ಏಣು ಏರಿಳಿಯುತ್ತಾ ಸಾಗುತ್ತದೆ, ಹೆಸರಿಗೆ ತಕ್ಕ ಹಾಗೆ. ಏಣು ಮುಗಿದ ಮೇಲೆ ಹೆಚ್ಚಿನವರು ಸಾಕೆಂದು ರಸ್ತೆಗೆ ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಅಲ್ಲಿಂದ ಮರದ ನೆರಳಿನ ಉದ್ದನೆಯ ದಾರಿ ನಿಮ್ಮನ್ನು ನೇರವಾಗಿ ಬಿಗ್ ವೇವ್ ಬೇ ಕಡಲತೀರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸ್ನಾನ, ತಿಂಡಿ, ಅಲೆಯ ಮೇಲೆ ಹಲಗೆ ಹಿಡಿದು ಆಡುವ ಹುಡುಗರು. ಕೊಲ್ಲಿಯ ಒಂದು ಬದಿಯ ಬಂಡೆಯಲ್ಲಿ ಸುಮಾರು ಮೂರು ಸಾವಿರ ವರ್ಷ ಹಳೆಯ ಕೆತ್ತನೆಯಿದೆ. 1970ರಲ್ಲಿ ಬೆಳಕಿಗೆ ಬಂದದ್ದು, ಸ್ನಾನಕ್ಕೆ ಬಂದ ನೂರು ಮಂದಿಯಲ್ಲಿ ಐವರೂ ನೋಡುವುದಿಲ್ಲ. ಹಿಂದಿರುಗಲು ಷೌ ಕೀ ವಾನ್‌ಗೆ ಮಿನಿಬಸ್ ಇದೆ.

ಎರಡನೆಯದಕ್ಕೆ ಸಾಯ್ ಕುಂಗ್. ಇಡೀ ಹಾಂಗ್‌ಕಾಂಗಿನಲ್ಲಿ ನನಗೆ ಅತ್ಯಂತ ಪ್ರಿಯವಾದ ನಡಿಗೆ ಇಲ್ಲಿದೆ. ಸಾಯ್ ಕುಂಗ್ ಪೇಟೆಯಿಂದ 29ಆರ್ ಮಿನಿಬಸ್ಸಿನಲ್ಲಿ ಸಾಯ್ ವಾನ್ ಮಂಟಪದವರೆಗೆ ಹೋಗಿ. ಕಾಂಕ್ರೀಟ್ ಹಾದಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ನಡಿಗೆಗೆ ಸಾಯ್ ವಾನ್ ಕಡಲತೀರ ಸಿಗುತ್ತದೆ. ಅಲ್ಲಿಂದ ಮ್ಯಾಕ್‌ಲಿಹೋಸ್ ಟ್ರೇಲಿನ ಎರಡನೆಯ ಭಾಗ ಸೇರಿಕೊಂಡು, ಒಂದು ಗುಡ್ಡ ಹತ್ತಿಳಿದರೆ ಹಾಮ್ ತಿನ್. ತೊರೆಯ ಮೇಲೆ ಹಲಗೆಯ ಕಿರುಸೇತುವೆ, ಆಚೆ ಬಿಳಿ ಮರಳು, ಹಿಂದೆ ಷಾರ್ಪ್ ಪೀಕ್‌ನ ಚೂಪು ತುದಿ. ಹಳ್ಳಿಯ ಹೋಟೆಲಿನಲ್ಲಿ ಹುರಿದ ನೂಡಲ್ಸ್ ಸಿಗುತ್ತದೆ. ಊಟವಾದ ಮೇಲೆ ಬೆಟ್ಟ ದಾಟಿ, ಚೆಕ್ ಕೆಂಗ್ ಕೊಲ್ಲಿಯ ಪಕ್ಕದಲ್ಲಿ ಹಾದು, ಕೊನೆಯ ಏರು ಹತ್ತಿ ಪಾಕ್ ತಾಮ್ ಆವ್‌ನಲ್ಲಿ ರಸ್ತೆ ಸೇರಬೇಕು. ಒಟ್ಟು ಹನ್ನೊಂದು-ಹನ್ನೆರಡು ಕಿಲೋಮೀಟರ್, ನಿಧಾನವಾಗಿ ನಡೆದರೆ ಇಡೀ ದಿನ. ಪಾಕ್ ತಾಮ್ ಆವ್‌ನಲ್ಲಿ 94ನೇ ಬಸ್ ಸಾಯ್ ಕುಂಗ್ ಪೇಟೆಗೆ, ಭಾನುವಾರ ಮತ್ತು ರಜಾದಿನಗಳಲ್ಲಿ 96ಆರ್ ನೇರವಾಗಿ ಡೈಮಂಡ್ ಹಿಲ್ ಮೆಟ್ರೊಗೆ. ಕಾಲು ಸೋತರೆ ವಾರಾಂತ್ಯದಲ್ಲಿ ಸಾಯ್ ವಾನ್‌ನಿಂದಲೇ ಸಾಯ್ ಕುಂಗ್‌ಗೆ ವೇಗದ ದೋಣಿ ಸಿಗುತ್ತದೆ. ಸ್ವಂತ ಕಾರಿನಲ್ಲಿ ಬರುತ್ತೇನೆಂದರೆ ಪಾಕ್ ತಾಮ್ ಚುಂಗ್‌ನ ತಡೆಗೇಟಿನಿಂದ ಮುಂದಕ್ಕೆ ಪರವಾನಗಿಯಿಲ್ಲದೆ ಬಿಡುವುದಿಲ್ಲ.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ಈ ತೀರಗಳಲ್ಲಿ ಜೀವರಕ್ಷಕರಿಲ್ಲ, ಒಳಸೆಳೆತ ಬಲವಾಗಿದೆ. ನೀರು ತಿಳಿಯಾಗಿ ಕಂಡಿತೆಂದು ಈಜು ಬಾರದವರು ಮೊಣಕಾಲಿನ ಆಚೆಗೆ ಹೋಗುವುದು ಬೇಡ.

ಮೂರನೆಯದು ಲಾಂಟಾವ್ ಪೀಕ್, 934 ಮೀಟರ್. ಲಾಂಟಾವ್ ಟ್ರೇಲಿನ ಮೂರನೆಯ ಭಾಗ ಬರೀ ನಾಲ್ಕೂವರೆ ಕಿಲೋಮೀಟರ್. ಅದನ್ನು ಕೇಳಿ ನಗಬೇಡಿ. ತುಂಗ್ ಚುಂಗ್ ಮೆಟ್ರೊದಿಂದ 3ಎಂ ಅಥವಾ 23ನೇ ಬಸ್ ಹಿಡಿದು ಪಾಕ್ ಕುಂಗ್ ಆವ್ ಕಣಿವೆಬಾಯಿಯಲ್ಲಿ ಇಳಿದ ಕ್ಷಣದಿಂದ ತುದಿಯವರೆಗೆ ಸುಮಾರು 600 ಮೀಟರಿನ ಏರು, ಅಸಮ ಎತ್ತರದ ಕಲ್ಲಿನ ಮೆಟ್ಟಿಲು, ನೆರಳಿಲ್ಲ. ಇಳಿಯುವ ಬದಿ ಇನ್ನೂ ಕಡಿದು. ಮಂಡಿ ನೋವಿರುವವರು ಊರುಗೋಲಿಲ್ಲದೆ ಹೋಗಬಾರದು. ಇಳಿದ ಕೂಡಲೇ ಸಿಗುವುದು ‘ವಿಸ್ಡಮ್ ಪಾತ್’: ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಚೀನೀ ಅಕ್ಷರಗಳಲ್ಲಿ ಕೆತ್ತಿದ 38 ಮರದ ಕಂಬಗಳು. ಇನ್ನೂ ಸ್ವಲ್ಪ ನಡೆದರೆ ನ್ಗಾಂಗ್ ಪಿಂಗ್, ಅಲ್ಲಿ 1993ರಲ್ಲಿ ಸ್ಥಾಪಿಸಿದ ಬೃಹತ್ ಬುದ್ಧ, ಪಕ್ಕದಲ್ಲಿ ಪೊ ಲಿನ್ ಮಠ. ಮಠದ ಸಸ್ಯಾಹಾರಿ ಊಟ ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಎಲ್ಲ ಚಾರಣಗಳ ಪೈಕಿ ಅತ್ಯಂತ ನೆಮ್ಮದಿಯ ಊಟ. ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿದರೆ ಮಾತ್ರ ಸಿಗುತ್ತದೆ. ಹಿಂದಿರುಗಲು ತುಂಗ್ ಚುಂಗ್‌ಗೆ 23ನೇ ಬಸ್, ಅಥವಾ 5.7 ಕಿಲೋಮೀಟರಿನ ಕೇಬಲ್ ಕಾರ್. ಎದುರಿನ ಸನ್‌ಸೆಟ್ ಪೀಕ್, 869 ಮೀಟರ್, ಅಕ್ಟೋಬರ್ ಕೊನೆ-ನವೆಂಬರ್‌ನಲ್ಲಿ ಬೆಳ್ಳಿ ಬಣ್ಣದ ಹುಲ್ಲಿನ ತೆನೆಯಿಂದ ತುಂಬುತ್ತದೆ. ಅದನ್ನು ಭಾನುವಾರ ನೋಡುವುದೆಂದರೆ ಹುಲ್ಲಿಗಿಂತ ಹೆಚ್ಚು ತಲೆಗಳನ್ನು ನೋಡುವುದು. ವಾರದ ನಡುವೆ ರಜೆ ಹಾಕಿ ಹೋಗಿ.

ಲಯನ್ ರಾಕ್, 495 ಮೀಟರ್, ನಗರದ ನೆತ್ತಿಯ ಮೇಲೆಯೇ ಕುಳಿತಿದೆ. ವೊಂಗ್ ತಾಯ್ ಸಿನ್ ಮೆಟ್ರೊದಿಂದ ನಡೆದೇ ಹೋಗಬಹುದು. ‘ಸಿಂಹದ ತಲೆ’ಯ ಭಾಗದಲ್ಲಿ ಮೂರು ಕಡೆ ಪ್ರಪಾತ, ಎಚ್ಚರಿಕೆಯ ಫಲಕದಾಚೆಗೆ ಕಾಲಿಡಬೇಡಿ. ಷಾರ್ಪ್ ಪೀಕ್ ಮತ್ತು ಕೌಲೂನ್ ಪೀಕ್‌ನ ಬಂಡೆಯಂಚು ಫೋಟೊಗಳಲ್ಲಿ ಎಷ್ಟೇ ಆಕರ್ಷಕವಾಗಿ ಕಂಡರೂ ಮೊದಲ ವರ್ಷದಲ್ಲಿ ಅವುಗಳ ಸಹವಾಸ ಬೇಡ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಜಾರಿ ಸತ್ತವರಿದ್ದಾರೆ.

ಹಂತ 5: ಚೀಲ

ನೀರು: ಚಳಿಗಾಲದಲ್ಲಿ ಒಬ್ಬರಿಗೆ ಎರಡು ಲೀಟರ್, ಸೆಕೆಗಾಲದಲ್ಲಿ ಮೂರಕ್ಕಿಂತ ಕಡಿಮೆ ಬೇಡ. ಕೆಲವು ಹಾದಿಗಳ ಬುಡದಲ್ಲಿ ಉಚಿತವಾಗಿ ನೀರು ತುಂಬಿಸುವ ಯಂತ್ರಗಳಿವೆ, ತುದಿಯಲ್ಲಿ ಯಾವುದೂ ಇರುವುದಿಲ್ಲ. ಜೊತೆಗೆ ಉಪ್ಪು-ಸಕ್ಕರೆಯ ಪೊಟ್ಟಣ. ತಲೆಗೆ ಕಟ್ಟುವ ದೀಪ, ಹಗಲು ಹೊರಟರೂ ಸಹ. ತೆಳು ಮಳೆಯಂಗಿ, ಟೋಪಿ, ಬದಲಿಸಲು ಒಂದು ಒಣ ಅಂಗಿ. ಬಸ್ಸಿನ ಹವಾನಿಯಂತ್ರಣದಲ್ಲಿ ಬೆವರಿದ ಬಟ್ಟೆಯಲ್ಲಿ ಕೂರುವುದು ಬೆಟ್ಟಕ್ಕಿಂತ ಕಠಿಣ. ಶೂ ದುಬಾರಿಯದೇ ಆಗಬೇಕಿಲ್ಲ, ಅಡಿಭಾಗ ಸವೆದಿರಬಾರದು. ಸವೆದ ಅಟ್ಟೆಯಲ್ಲಿ ಪಾಚಿ ಕಟ್ಟಿದ ಕಾಂಕ್ರೀಟ್ ಮೆಟ್ಟಿಲು ಇಳಿದವರ ಕಥೆ ಬೆನ್ನಮೂಳೆಯ ವೈದ್ಯರ ಹತ್ತಿರ ಮುಗಿಯುತ್ತದೆ.

ತಿಂಡಿಗೆ ನಮ್ಮದೇ ಪುಳಿಯೋಗರೆ, ಚಪಾತಿ-ಪಲ್ಯಕ್ಕೆ ಸಮನಾದದ್ದಿಲ್ಲ. ಸಾಮಾನು ಚಿಮ್ ಷಾ ಚೊಯ್‌ನ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಕಟ್ಟಡದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಹಳ್ಳಿಯ ಹೋಟೆಲುಗಳಲ್ಲಿ ‘ತರಕಾರಿ ನೂಡಲ್ಸ್’ ಎಂದು ಕೇಳಿದರೂ ಮೊಟ್ಟೆಯೋ ಹಂದಿಮಾಂಸದ ಚೂರೋ ಬರಬಹುದು. ಕಟ್ಟಾ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಒಂದು ಖಾಲಿ ಚೀಲವನ್ನೂ ಇಟ್ಟುಕೊಳ್ಳಿ. 2017ರ ಕೊನೆಯ ಹೊತ್ತಿಗೆ ಹಾದಿಗಳ ಮೇಲಿನ ಕಸದ ಡಬ್ಬಿಗಳನ್ನು ತೆಗೆದುಹಾಕಲಾಗಿದೆ. ತಂದವರೇ ಒಯ್ಯಬೇಕು, ಸಿಪ್ಪೆಯನ್ನೂ ಸಹ.

ಹಂತ 6: ಹಾದಿಯಲ್ಲಿ

ದೀರ್ಘ ಹಾದಿಗಳ ಬದಿಯಲ್ಲಿ ಪ್ರತಿ 500 ಮೀಟರಿಗೆ ಒಂದು ದೂರದ ಕಂಬವಿದೆ. ಅದರ ಮೇಲೆ ಹಾದಿಯ ಅಕ್ಷರ ಮತ್ತು ಸಂಖ್ಯೆ. ಮ್ಯಾಕ್‌ಲಿಹೋಸ್ ಟ್ರೇಲಿನಲ್ಲಿ ಎಂ001ರಿಂದ ಎಂ200ರವರೆಗೆ. ಪ್ರತಿ ಕಂಬ ದಾಟಿದಾಗ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಪಾಯ ಬಂದರೆ 999ಕ್ಕೆ ಕರೆ ಮಾಡಿ ಕೊನೆಯ ಕಂಬದ ಸಂಖ್ಯೆ ಹೇಳಿದರೆ ಸಾಕು, ನೀವೆಲ್ಲಿದ್ದೀರೆಂದು ರಕ್ಷಣಾ ದಳಕ್ಕೆ ತಿಳಿಯುತ್ತದೆ. ಸಿಗ್ನಲ್ ಇಲ್ಲದ ಕಣಿವೆಗಳಿವೆ, ಈಶಾನ್ಯದ ಅಂಚಿನಲ್ಲಿ ಮೊಬೈಲ್ ಗಡಿಯಾಚೆಯ ಶೆನ್‌ಜೆನ್‌ನ ಜಾಲಕ್ಕೆ ಹಾರಿಬಿಡುತ್ತದೆ. ಆಗ 112 ಒತ್ತಿ ನೋಡಿ. ಮನೆಯಲ್ಲಿ ಉಳಿದವರಿಗೆ ಹಾದಿಯ ಹೆಸರು ಮತ್ತು ಮರಳುವ ಹೊತ್ತು ಮೊದಲೇ ತಿಳಿಸಿರಬೇಕು.

ಕೌಲೂನ್ ಕೆರೆಗಳ ಸುತ್ತಲಿನ ಕಾಮ್ ಷಾನ್ ಕಾಡಿನಲ್ಲಿ ಕೋತಿಗಳ ರಾಜ್ಯ. ಅವಕ್ಕೆ ಪ್ಲಾಸ್ಟಿಕ್ ಚೀಲ ಎಂದರೆ ತಿಂಡಿ. ಕೈಯಲ್ಲಿ ಹಿಡಿಯಬೇಡಿ, ಬೆನ್ನ ಚೀಲದೊಳಗೆ ಹಾಕಿ. ಹನುಮಂತನ ಮೇಲಿನ ಭಕ್ತಿಯಿಂದ ಬಾಳೆಹಣ್ಣು ಕೊಡುವ ಅಭ್ಯಾಸ ಇಲ್ಲಿ ಅಪರಾಧ. 2024ರ ಆಗಸ್ಟ್‌ನಿಂದ ಕಾಡುಪ್ರಾಣಿಗಳಿಗೆ ಆಹಾರ ಹಾಕಿದವರಿಗೆ ಸ್ಥಳದಲ್ಲೇ 5,000 ಹಾಂಗ್‌ಕಾಂಗ್ ಡಾಲರ್ ದಂಡ. ಕಾಡುಹಂದಿಗೂ ಇದೇ ನಿಯಮ. ಸಾಯ್ ಕುಂಗ್ ಮತ್ತು ಲಾಂಟಾವ್‌ನಲ್ಲಿ ದಾರಿಯ ನಡುವೆ ದನ, ಎಮ್ಮೆಗಳು ಮಲಗಿರುತ್ತವೆ. ಹಿಂದೊಮ್ಮೆ ಗದ್ದೆ ಉಳುತ್ತಿದ್ದವುಗಳ ಸಂತತಿ, ಸುತ್ತಿಕೊಂಡು ಹೋದರೆ ಅವುಗಳ ಪಾಡಿಗೆ ಅವು ಇರುತ್ತವೆ. ನಾಗರ, ಕಟ್ಟುಹಾವು, ಹಸಿರು ಗುಳಿಮಂಡಲ ಎಲ್ಲವೂ ಇವೆ, ಹಾದಿ ಬಿಟ್ಟು ಹುಲ್ಲಿಗೆ ಇಳಿಯದವರಿಗೆ ಅಪರೂಪಕ್ಕೆ ಕಾಣುತ್ತವೆ. ಮಲೆನಾಡಿನವರಿಗೆ ಹೇಳಬೇಕಾದ ಸಮಾಧಾನವೆಂದರೆ, ಕುದುರೆಮುಖದ ಇಂಬಳದ ಕಾಟ ಈ ಹಾದಿಗಳಲ್ಲಿಲ್ಲ. ಉಣುಗು ಇದೆ, ಮನೆಗೆ ಹೋಗಿ ಮೈ ನೋಡಿಕೊಳ್ಳಿ. ದಾರಿಗಡ್ಡ ಬಲೆ ಕಟ್ಟಿದ ಅಂಗೈಯಗಲದ ಜೇಡ ಭಯಂಕರವಾಗಿ ಕಂಡರೂ ನಿರುಪದ್ರವಿ.

ಬೆಳಗಿನ ಹೊತ್ತು ಎಪ್ಪತ್ತು ದಾಟಿದ ಅಜ್ಜ-ಅಜ್ಜಿಯರು ಊರುಗೋಲು ಹಿಡಿದು, ರೇಡಿಯೊ ಹಚ್ಚಿಕೊಂಡು ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ‘ಜೋ ಸಾನ್’ ಎನ್ನುತ್ತಾರೆ, ಶುಭೋದಯವೆಂದು. ನೀವೂ ಹೇಳಿ, ಪಕ್ಕಕ್ಕೆ ಸರಿದು ದಾರಿ ಬಿಡಿ. ಭಾನುವಾರ ಮನೆಗೆಲಸದ ಫಿಲಿಪೀನೋ, ಇಂಡೊನೇಷ್ಯಾದ ಮಹಿಳೆಯರಿಗೆ ವಾರದ ರಜೆ. ಅವರ ಚಾರಣ ತಂಡಗಳ ನಗು ಒಂದು ಗುಡ್ಡದಾಚೆಯಿಂದಲೇ ಕೇಳುತ್ತದೆ, ದಾರಿ ಗೊತ್ತಾಗದಿದ್ದರೆ ಅವರನ್ನೇ ಕೇಳಬಹುದು.

ಹಂತ 7: ಕೆಲವು ತಿಂಗಳಾದ ಮೇಲೆ

ಈ ಮೂರು ಹಾದಿಗಳು ಆರಾಮವೆನ್ನಿಸಿದರೆ ಮ್ಯಾಕ್‌ಲಿಹೋಸ್ ಟ್ರೇಲಿನ ಹತ್ತು ಭಾಗಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಿ. ಮಾ ಆನ್ ಷಾನ್ ಮಗ್ಗುಲಲ್ಲಿ ಹೋಗುವ ನಾಲ್ಕನೆಯ ಭಾಗ ಕಠಿಣ ಮತ್ತು ಸುಂದರ. ತಾಯ್ ಮೊ ಷಾನ್ ದಾಟುವ ಎಂಟನೆಯದರ ತುದಿಯಲ್ಲಿ ಹವಾಮಾನ ರೇಡಾರಿನ ಬೇಲಿ ಅಡ್ಡ ಬರುವುದರಿಂದ ನಿಜವಾದ ಶಿಖರದ ಮೇಲೆ ನಿಲ್ಲಲಾಗುವುದಿಲ್ಲ. ಒಂದನೆಯ ಭಾಗ ಬಹುತೇಕ ಡಾಂಬರು ರಸ್ತೆ, ಆದರೆ ಕೊನೆಯಲ್ಲಿ ಹೈ ಐಲೆಂಡ್ ಜಲಾಶಯದ ಪೂರ್ವ ಅಣೆಕಟ್ಟೆಯ ಬಳಿ ಜ್ವಾಲಾಮುಖಿಯ ಬೂದಿಯಿಂದಾದ ಆರು ಮೂಲೆಯ ಕಲ್ಲಿನ ಕಂಬಗಳು ನಿಂತಿವೆ, ಸುಮಾರು 14 ಕೋಟಿ ವರ್ಷ ಹಳೆಯವು. ಉಡುಪಿಯ ಸೇಂಟ್ ಮೇರೀಸ್ ದ್ವೀಪ ನೋಡಿದವರು ಅಲ್ಲಿನ ಕಂಬಗಳೊಂದಿಗೆ ಹೋಲಿಸಿ ನೋಡಬಹುದು. ಅವು ಲಾವಾದಿಂದಾದವು.

ಹತ್ತೂ ಭಾಗಗಳನ್ನು ಒಟ್ಟಿಗೆ ನಡೆಯುವ ಹುಮ್ಮಸ್ಸು ಬಂದರೆ ಅದಕ್ಕೂ ಒಂದು ದಾರಿಯಿದೆ. 1981ರಲ್ಲಿ ಇಲ್ಲಿದ್ದ ಗೂರ್ಖಾ ಸೈನಿಕರು ತಮ್ಮ ತಾಲೀಮಾಗಿ ಶುರು ಮಾಡಿದ ‘ಟ್ರೇಲ್‌ವಾಕರ್’ ನಡಿಗೆ 1986ರಿಂದ ಸಾರ್ವಜನಿಕರಿಗೂ ತೆರೆದಿದೆ. ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆ ನಡೆಸುವ ಈ ನಡಿಗೆಯಲ್ಲಿ ನಾಲ್ವರ ತಂಡ, ನೂರು ಕಿಲೋಮೀಟರ್, 48 ಗಂಟೆ. ನವೆಂಬರ್‌ನಲ್ಲಿ ನಡೆಯುತ್ತದೆ, ಆದರೆ ನೋಂದಣಿ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಹಾಗಾಗಿ ಉಳಿದ ಮೂವರನ್ನು ಬೇಸಿಗೆ ಮುಗಿಯುವುದರೊಳಗೆ ಒಪ್ಪಿಸಿಟ್ಟುಕೊಳ್ಳಿ.